ಪೇಟಿ ಮಾಸ್ತರ್ ಮನೆಯ ಭಾನುವಾರ

ಅಪ್ಪ ತೀರಿಕೊಂಡ ಮೇಲೆ ಎಂಟು ತಿಂಗಳು ಅವರ ಪೇಟಿಯನ್ನು ಮನೆಯಲ್ಲಿ ಯಾರೂ ಮುಟ್ಟಲಿಲ್ಲ. ನಮ್ಮ ಕಡೆ ಹಾರ್ಮೋನಿಯಂಗೆ ಪೇಟಿ ಅಂತಲೇ ಅನ್ನುತ್ತಾರೆ. ಅದನ್ನು ನುಡಿಸುವವರು ಪೇಟಿ ಮಾಸ್ತರ್. ಅಪ್ಪ ಇಪ್ಪತ್ತು ವರ್ಷ ನಾಟಕ ಕಂಪನಿಗಳಲ್ಲಿ ಪೇಟಿ ಮಾಸ್ತರ್ ಆಗಿದ್ದರು. ಆಮೇಲೆ ಹುಬ್ಬಳ್ಳಿಯಲ್ಲಿ ಮನೆ ಮಾಡಿದರು. ಭಜನೆ, ಪುರಾಣ, ಮನೆಗಳಲ್ಲಿ ನಡೆಯುವ ಸಣ್ಣಪುಟ್ಟ ಬೈಠಕ್, ಎಲ್ಲಿ ಕರೆದರೆ ಅಲ್ಲಿಗೆ ಹೋಗಿ ಹಾಡುವವರಿಗೆ ಪೇಟಿ ಸಾಥ್ ಕೊಡುತ್ತಿದ್ದರು. ನನಗೆ ಕಲಿಸಿದ್ದೂ ಅವರೇ.

ಅವರು ಹೋಗಿ ತಿಂಗಳೂ ಆಗಿರಲಿಲ್ಲ, ಮೊದಲೇ ಒಪ್ಪಿಕೊಂಡಿದ್ದ ಒಂದು ಕಾರ್ಯಕ್ರಮಕ್ಕೆ ಹೋದೆ. ಗಾಯಕರು ವಿಲಂಬಿತದಲ್ಲಿ ನಿಧಾನಕ್ಕೆ ರಾಗ ಬಿಡಿಸುತ್ತಿದ್ದರು. ಅವರ ಒಂದು ಸ್ವರವನ್ನು ಹಿಡಿದು ನಾನು ಮುಂದುವರಿಸಬೇಕಿತ್ತು. ಬಲಗೈ ಕಡೆ ನೋಡಿದೆ. ಬೆರಳು ಮಡಚಿದ ರೀತಿ ಥೇಟ್ ಅಪ್ಪನದೇ. ಕೈ ಅಲ್ಲೇ ನಿಂತುಬಿಟ್ಟಿತು. ತಿದಿ ಒತ್ತುತ್ತಿದ್ದ ಎಡಗೈಯೂ ನಿಂತಿತು. ಗಾಯಕರು ದೊಡ್ಡ ಮನಸ್ಸಿನವರು, ಏನೂ ಆಗಿಲ್ಲವೆಂಬಂತೆ ತಂಬೂರಿಯ ಮೇಲೆ ಹಾಡು ಎಳೆದುಕೊಂಡು ಹೋದರು. ಅವತ್ತಿನಿಂದ ಯಾರು ಕರೆದರೂ ಆಗಲ್ಲ ಅಂದೆ.

ಅಪ್ಪ ನನಗೆ ಹೇಳಿಕೊಟ್ಟಿದ್ದರಲ್ಲಿ ಬಾಯಿಪಾಠ ಆಗುವಷ್ಟು ಸಲ ಹೇಳಿದ್ದು ಒಂದೇ ಮಾತು. "ಹಾಡೋರ ಮುಂದ ಹೋಗಬ್ಯಾಡ. ಹಿಂದನೂ ಉಳೀಬ್ಯಾಡ. ಬಗಲಾಗ ನಡಿ." ಅವರು ಹೋದ ಮೇಲೆ ಆ ಮಾತಿನ ಭಾರವೇ ಜಾಸ್ತಿಯಾಯಿತು. ನನ್ನ ಬಗಲಲ್ಲಿ ನಡೆಯುತ್ತಿದ್ದವರೇ ಇಲ್ಲ, ನಾನು ಯಾರ ಬಗಲಲ್ಲಿ ನಡೆಯಲಿ?

ಒಂದು ದಿನ ಅವ್ವ ಅಂದಳು: "ತಮ್ಮಾ, ಗದಗಿಗೆ ಹೋಗಿ ಬಾ. ಅಜ್ಜಾರ ಗದ್ದಿಗಿಗೆ ಒಂದು ಕಾಯಿ ಒಡಸ್ಕೊಂಡು ಬಾ." ಉತ್ತರ ಕರ್ನಾಟಕದಲ್ಲಿ ಸಂಗೀತದ ಮನೆಗಳಲ್ಲಿ ಅಜ್ಜಾರು ಅಂದರೆ ಯಾರು ಅಂತ ಕೇಳಬೇಕಾಗಿಲ್ಲ. ಗದಗಿನಲ್ಲಿ ಕಣ್ಣಿಲ್ಲದ, ಬಡ ಮಕ್ಕಳಿಗೆ ಸಂಗೀತ ಕಲಿಸುವ ವೀರೇಶ್ವರ ಪುಣ್ಯಾಶ್ರಮದ ಪುಟ್ಟರಾಜ ಗವಾಯಿಗಳು. 2010ರ ಸೆಪ್ಟೆಂಬರ್ 17ರಂದು ಅವರು ಲಿಂಗೈಕ್ಯರಾದಾಗ ಅಪ್ಪ ಊಟ ಬಿಟ್ಟು ಗದಗಿಗೆ ಓಡಿದ್ದರು. ಆ ಜನಸಾಗರದಲ್ಲಿ ಗಂಟೆಗಟ್ಟಲೆ ನಿಂತು ಮಾರನೇ ದಿನ ಬಂದರು. ಎರಡು ದಿನ ಮಾತಾಡಲಿಲ್ಲ. ಆಗ ನನಗೆ ಅದು ಅರ್ಥವಾಗಿರಲಿಲ್ಲ.

ಹುಬ್ಬಳ್ಳಿಯಿಂದ ಗದಗ ಸುಮಾರು 60 ಕಿಲೋಮೀಟರ್. ಅಣ್ಣಿಗೇರಿ ದಾಟಿದ ಮೇಲೆ ಎರಡೂ ಕಡೆ ಕರಿ ನೆಲ. ರೈಲಿನ ಕಿಟಕಿ ಪಕ್ಕ ಸುಮ್ನೆ ಕೂತಿದ್ದೆ. ಪ್ರಾರ್ಥನೆ ಅಂತ ಮನಸ್ಸಿನಲ್ಲಿ ಏನೂ ಇರಲಿಲ್ಲ. ಅವ್ವನ ಮಾತು ಮೀರಬಾರದು ಅಂತ ಹೊರಟಿದ್ದೆ, ಅಷ್ಟೇ.

ಆಶ್ರಮದ ಒಳಗೆ ಕಾಲಿಟ್ಟರೆ ಮೊದಲು ಸಿಗುವುದು ಸದ್ದು. ಒಂದು ಕಡೆ ತಬಲಾದ ಪಾಠ, ಇನ್ನೊಂದು ಕಡೆ ಸಾ ಹಿಡಿದು ಕೂತ ಹುಡುಗರು, ಮತ್ತೆಲ್ಲೋ ವಚನ. ಎಲ್ಲವೂ ಒಟ್ಟಿಗೆ. ಹೊರಗಿನವರಿಗೆ ಗದ್ದಲ ಅನ್ನಿಸಬಹುದು. ಆದರೆ ಕೂತ ಪ್ರತಿ ಹುಡುಗನೂ ತನ್ನ ಸ್ವರವನ್ನು ಆ ಗದ್ದಲದೊಳಗಿಂದ ಹೆಕ್ಕಿಕೊಳ್ಳುತ್ತಿದ್ದ.

ಗದ್ದಿಗೆಗೆ ಕಾಯಿ ಒಡೆಸಿ ಬಂದು ಕಟ್ಟೆಯ ಮೇಲೆ ಕೂತೆ. ಎದುರಿಗೆ ಏಳೆಂಟು ವರ್ಷದ ಒಬ್ಬ ಹುಡುಗ ಪೇಟಿ ಮುಂದೆ ಕೂತಿದ್ದ. ಕಣ್ಣು ಕಾಣಿಸುತ್ತಿರಲಿಲ್ಲ. ಕಲಿಸುತ್ತಿದ್ದ ದೊಡ್ಡ ಹುಡುಗನಿಗೂ ಕಾಣಿಸುತ್ತಿರಲಿಲ್ಲ. ದೊಡ್ಡವನು ಚಿಕ್ಕವನ ಕೈ ಹಿಡಿದು ಪೇಟಿಯ ಕರಿ ಮನೆಗಳ, ಅಂದರೆ ಕರಿ ಕೀಲಿಗಳ ಮೇಲೆ ಸವರಿಸಿದ. ಎರಡು ಕರಿ, ಸ್ವಲ್ಪ ಜಾಗ, ಮೂರು ಕರಿ. ಆ ಜಾಗ ಸಿಕ್ಕಿತೆಂದರೆ ಇಡೀ ಪೇಟಿ ಸಿಕ್ಕ ಹಾಗೆ. ಚಿಕ್ಕವನು ತಪ್ಪಿದ. ಮತ್ತೆ ಸವರಿದ. ಮತ್ತೆ ತಪ್ಪಿದ. ದೊಡ್ಡವನು ಬೈಯಲಿಲ್ಲ. ಅವನ ಕೈ ಚಿಕ್ಕವನ ಕೈ ಮೇಲೆ ಹಾಗೇ ಇತ್ತು. ಐದನೆಯ ಸಲವೋ ಆರನೆಯ ಸಲವೋ ಸಾ ಸಿಕ್ಕಿತು. ಆಗ ಅವನು ಕೈ ತೆಗೆದ.

ಅಪ್ಪ ನನಗೆ ಹೀಗೇ ಕಲಿಸಿದ್ದರು. ಅಲ್ಲೇ ಕೂತು ಅತ್ತೆ. ಎಂಟು ತಿಂಗಳಲ್ಲಿ ಅದೇ ಮೊದಲ ಸಲ.

ಪುಟ್ಟರಾಜರ ಕಥೆ ನನಗೆ ಮೊದಲೇ ಗೊತ್ತಿತ್ತು. ಆದರೆ ಆ ಮಧ್ಯಾಹ್ನ ಅದನ್ನು ಬೇರೆ ಥರ ಯೋಚಿಸಿದೆ. ಹಾನಗಲ್ ತಾಲೂಕಿನ ದೇವಗಿರಿಯಲ್ಲಿ 1914ರ ಮಾರ್ಚ್ 3ರಂದು ಹುಟ್ಟಿದ ಮಗು. ಚಿಕ್ಕಂದಿನಲ್ಲೇ ಕಣ್ಣು ಹೋಯಿತು. ಹತ್ತು ವರ್ಷ ಆಗುವ ಹೊತ್ತಿಗೆ ತಂದೆಯೂ ಇಲ್ಲ, ತಾಯಿಯೂ ಇಲ್ಲ. ಸಾಕಿದ್ದು ಸೋದರಮಾವ. ಆ ಮಾವನ ಹತ್ತಿರ ಒಂದು ಪೇಟಿ ಇತ್ತು. ಹುಡುಗ ಅದನ್ನು ತಡಕಾಡಿ ನುಡಿಸಲು ನೋಡುತ್ತಿದ್ದುದನ್ನು ಕಂಡು, ಮಾವ ಅವನನ್ನು ಪಂಚಾಕ್ಷರಿ ಗವಾಯಿಗಳ ಬಳಿ ಬಿಟ್ಟರು. ಒಂದು ಪೇಟಿಯಿಂದ ಶುರುವಾದ ದಾರಿ ಅದು. ಆಮೇಲೆ ಆ ಹುಡುಗ ತಬಲಾ, ಪಿಟೀಲು, ಸಾರಂಗಿ ಅಂತ ಕೈಗೆ ಸಿಕ್ಕ ವಾದ್ಯವನ್ನೆಲ್ಲ ಕಲಿತ. ಕನ್ನಡ, ಹಿಂದಿ, ಸಂಸ್ಕೃತದಲ್ಲಿ ಪುಸ್ತಕ ಬರೆದ.

ಪಂಚಾಕ್ಷರಿ ಗವಾಯಿಗಳೂ ಅದೇ ಹಾನಗಲ್ ಸೀಮೆಯವರು. ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟಿದರು. ಹುಟ್ಟುಗುರುಡರು. ಅವರ ದನಿ ಕೇಳಿ ಕೈ ಹಿಡಿದವರು ಹಾನಗಲ್ಲಿನ ಕುಮಾರ ಸ್ವಾಮಿಗಳು. ಮೈಸೂರಿಗೆ ಹೋಗಿ ಕರ್ನಾಟಕಿ ಕಲಿತರು, ಆಮೇಲೆ ಹಿಂದುಸ್ತಾನಿ ಕಲಿತರು. ಇಷ್ಟು ಕಲಿತವರು ದೊಡ್ಡ ಗವಾಯಿಯಾಗಿ ಊರೂರು ತಿರುಗಿ ಹೆಸರು ಮಾಡಬಹುದಿತ್ತು. ಅವರು ಊರೂರು ತಿರುಗಿದರು ನಿಜ, ಆದರೆ ಹಿಂದೆ ಶಿಷ್ಯರ ಗುಂಪು ಕಟ್ಟಿಕೊಂಡು ತಿರುಗಿದರು. ಕಣ್ಣಿಲ್ಲದ ಮಕ್ಕಳು, ಅಪ್ಪ ಅಮ್ಮ ಇಲ್ಲದವರು, ಮನೆಯಲ್ಲಿ ಉಣ್ಣಲು ಇಲ್ಲದವರು. ಪಾಠಶಾಲೆಯೇ ಅವರ ಜೊತೆ ನಡೆಯುತ್ತಿತ್ತು. ಭಕ್ತರು ಕೊಟ್ಟ ಕಾಳುಕಡಿಯೇ ಆಧಾರ. ಕೊನೆಗೆ ಗದಗಿನಲ್ಲಿ ನೆಲೆ ಸಿಕ್ಕಿತು.

1944ರಲ್ಲಿ ಪಂಚಾಕ್ಷರಿ ಗವಾಯಿಗಳು ತೀರಿಕೊಂಡರು. ಪುಟ್ಟರಾಜರಿಗೆ ಆಗ ಮೂವತ್ತು ವರ್ಷ.

ಈ ಜಾಗದಲ್ಲಿ ನಾನು ಪ್ರತಿ ಸಲ ನಿಂತುಬಿಡುತ್ತೇನೆ. ಮೂವತ್ತು ವರ್ಷದ, ಕಣ್ಣಿಲ್ಲದ ಮನುಷ್ಯ. ಹೆತ್ತವರನ್ನು ಮೊದಲೇ ಕಳೆದುಕೊಂಡವರು. ಅಪ್ಪ ಅಮ್ಮ ಇಬ್ಬರ ಜಾಗದಲ್ಲೂ ಇದ್ದ ಗುರು ಈಗ ಹೋದರು. ಮೂಲೆಯಲ್ಲಿ ಕೂತು ಅಳುವುದಕ್ಕೆ ಅವರಿಗೆ ಎಲ್ಲ ಕಾರಣವೂ ಇತ್ತು. ಆದರೆ ಆಶ್ರಮದ ತುಂಬ ಮಕ್ಕಳಿದ್ದರು. ಅವತ್ತು ರಾತ್ರಿಯೂ ಅವರಿಗೆ ಹಸಿವಾಗಿರುತ್ತದೆ, ಅಲ್ವಾ? ಮಾರನೇ ದಿನ ಬೆಳಿಗ್ಗೆ ಯಾರೋ ಸಾ ಹಿಡಿಸಬೇಕು, ಯಾರೋ ಒಲೆ ಹಚ್ಚಿಸಬೇಕು. ಅವರು ಎಷ್ಟು ಅತ್ತರು, ಯಾವಾಗ ಅತ್ತರು ನನಗೆ ಗೊತ್ತಿಲ್ಲ. ಅಲ್ಲಿಂದ 66 ವರ್ಷ ಆ ಒಲೆ ಆರದಂತೆ ನೋಡಿಕೊಂಡರು, ಅದು ಮಾತ್ರ ಎಲ್ಲರಿಗೂ ಗೊತ್ತು.

ಒಲೆ ಉರಿಯಬೇಕಾದರೆ ದುಡ್ಡು ಬೇಕು. ಪುಟ್ಟರಾಜರು ನಾಟಕ ಕಂಪನಿ ನಡೆಸಿದರು. ತಾವೇ ನಾಟಕ ಬರೆದರು. ಟಿಕೆಟ್ಟಿನ ದುಡ್ಡು ಮಕ್ಕಳ ಅನ್ನಕ್ಕೆ ಹೋಯಿತು. ಶಾಸ್ತ್ರೀಯ ಸಂಗೀತದ ಮಂದಿ ನಾಟಕದ ಕಡೆ ಸ್ವಲ್ಪ ಕೆಳಗಣ್ಣಿನಿಂದ ನೋಡುವುದನ್ನು ನಾನು ಬಾಲ್ಯದಿಂದ ಕಂಡಿದ್ದೇನೆ. ಪೇಟಿ ಮಾಸ್ತರರ ಮಗನಾಗಿ ಅದು ನನಗೆ ಚುಚ್ಚುತ್ತಿತ್ತು. ಗದಗಿನಲ್ಲಿ ಶಾಸ್ತ್ರೀಯ ಖಯಾಲ್ ಕಲಿಯುವ ಹುಡುಗರು ಉಂಡದ್ದು ನಾಟಕದ ಅನ್ನ. ಪೇಟಿಗೂ ಅಂಥದೇ ಒಂದು ಕಥೆ ಇದೆ. 1940ರಲ್ಲಿ ರೇಡಿಯೋದವರು ಪೇಟಿಯನ್ನು ನಿಷೇಧಿಸಿದರು. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಮೀಂಡ್, ಸ್ವರಗಳ ನಡುವಿನ ಸೂಕ್ಷ್ಮ ಶ್ರುತಿ, ನಮ್ಮ ಸಂಗೀತದ ಇವು ಅದರಲ್ಲಿ ಬರುವುದಿಲ್ಲ ಅನ್ನುವುದು ವಾದ. 1971ರ ಹೊತ್ತಿಗೆ ನಿಷೇಧ ಸಡಿಲವಾಯಿತು. ಆ ಮೂವತ್ತು ವರ್ಷ ನಮ್ಮ ಕಡೆ ಪೇಟಿ ಮಾಸ್ತರರಿಗೆ ಅನ್ನ ಕೊಟ್ಟಿದ್ದರಲ್ಲಿ ನಾಟಕ ಕಂಪನಿಗಳ ಪಾಲು ದೊಡ್ಡದು.

ತುಲಾಭಾರದ ಸಂಗತಿಯೂ ಹಾಗೇ. ಭಕ್ತರು ಊರೂರಲ್ಲಿ ಅಜ್ಜಾರನ್ನು ತಕ್ಕಡಿಯಲ್ಲಿ ಕೂರಿಸಿ ನಾಣ್ಯ ತೂಗುತ್ತಿದ್ದರು. ಆ ನಾಣ್ಯಗಳೂ ಹೋಗುತ್ತಿದ್ದುದು ಆಶ್ರಮಕ್ಕೆ. ಚಿಕ್ಕವನಿದ್ದಾಗ ಅಪ್ಪನ ಹೆಗಲ ಮೇಲೆ ಕೂತು ಒಂದು ತುಲಾಭಾರ ನೋಡಿದ ನೆನಪಿದೆ. ತಕ್ಕಡಿಯಲ್ಲಿ ಅಜ್ಜಾರು ಅಲುಗಾಡದೆ ಕೂತಿದ್ದರು. ಈ ದೇಹದ ತೂಕದಿಂದ ಎಷ್ಟು ಮಕ್ಕಳ ಹೊಟ್ಟೆ ತುಂಬುತ್ತದೆ ಅಂತ ಅವರು ಲೆಕ್ಕ ಹಾಕುತ್ತಿದ್ದರೇನೋ ಅಂತ ಈಗ ಅನ್ನಿಸುತ್ತದೆ.

ಇದೇ ಆಶ್ರಮದಲ್ಲಿ ಕಲಿತ ಪಂಡಿತ್ ವೆಂಕಟೇಶ ಕುಮಾರ್ ಅವರ ಹಾಡು ಕೇಳದವರು ಕಡಿಮೆ. ಬಳ್ಳಾರಿ ಕಡೆಯ ಲಕ್ಷ್ಮೀಪುರದ ಬಡ ಮನೆಯ ಹುಡುಗ. ಅವರನ್ನು ಗದಗಿಗೆ ಕರೆತಂದು ಬಿಟ್ಟವರು ಸೋದರಮಾವ, ತೊಗಲುಬೊಂಬೆ ಕಲಾವಿದ ಬೆಳಗಲ್ಲು ವೀರಣ್ಣ. ಸುಮಾರು ಹನ್ನೆರಡು ವರ್ಷ ಅವರು ಆಶ್ರಮದಲ್ಲಿದ್ದರು. ಹನ್ನೆರಡು ವರ್ಷ ಊಟ, ವಸತಿ, ಪಾಠ. ಇವತ್ತಿನ ಯಾವ ಸ್ಕಾಲರ್‌ಶಿಪ್ ಹೀಗಿದೆ ಹೇಳಿ! ಒಂದು ವರ್ಷಕ್ಕೆ ಇಷ್ಟು ಅಂತ ಕೊಟ್ಟು, ವರದಿ ಕೇಳಿ ಮುಗಿಸುವುದಲ್ಲ. ದನಿ ಒಡೆಯುವ ವಯಸ್ಸಿನಿಂದ ಪಕ್ವವಾಗುವವರೆಗೆ ಕಾಯುವುದು. ಗದಗ ಅದನ್ನು ನೂರಾರು ಮಕ್ಕಳಿಗೆ ಮಾಡಿತು. ಎಲ್ಲರೂ ಹೆಸರಾಂತರಾಗಲಿಲ್ಲ. ಬಹಳ ಮಂದಿ ಶಾಲೆಗಳಲ್ಲಿ ಸಂಗೀತ ಮೇಷ್ಟ್ರಾದರು, ಪುರಾಣಕ್ಕೆ ಹಾಡುವವರಾದರು, ತಬಲಾ ಬಾರಿಸುವವರಾದರು. ಸ್ವಂತ ಕಾಲ ಮೇಲೆ ನಿಂತರು.

ಇನ್ನೊಂದು ಸಂಗತಿ ಇದೆ. ಅದು ನೆನಪಾದಾಗಲೆಲ್ಲ ಮೈ ಜುಮ್ಮೆನ್ನುತ್ತದೆ. ಹಿಂದುಸ್ತಾನಿ ಗಾಯಕ ಬಸವರಾಜ ರಾಜಗುರು ಕುಂದಗೋಳ ತಾಲೂಕಿನ ಯಲಿವಾಳದವರು. 13ನೇ ವಯಸ್ಸಿನಲ್ಲಿ ತಂದೆಯನ್ನು ಕಳೆದುಕೊಂಡವರು. ಅವರನ್ನು ಶಿಷ್ಯನಾಗಿ ತೆಗೆದುಕೊಂಡಿದ್ದು ಪಂಚಾಕ್ಷರಿ ಗವಾಯಿಗಳು. 1936ರಲ್ಲಿ ಹಂಪಿಯಲ್ಲಿ ವಿಜಯನಗರದ 600ನೇ ವರ್ಷದ ಉತ್ಸವ. ಹರೆಯದ ಹುಡುಗನ ಮೊದಲ ದೊಡ್ಡ ಕಚೇರಿ. ತಬಲಾಕ್ಕೆ ಕೂತವರು ಯಾರು? ಗುರು ಪಂಚಾಕ್ಷರಿ ಗವಾಯಿಗಳೇ.

ವೇದಿಕೆಯ ಲೆಕ್ಕ ಗೊತ್ತಿದ್ದವರಿಗೆ ಇದು ಎಷ್ಟು ದೊಡ್ಡದು ಅಂತ ಗೊತ್ತಾಗುತ್ತದೆ. ಗುರು ಹಾಡುತ್ತಾನೆ, ಶಿಷ್ಯ ಹಿಂದೆ ತಂಬೂರಿ ಹಿಡಿದು ಕೂರುತ್ತಾನೆ. ಅದು ರೂಢಿ. ಇಲ್ಲಿ ಗುರುವೇ ಬದಿಗೆ ಸರಿದು ಕೂತು ತಾಳದ ಠೇಕಾ ಹಿಡಿದರು. ಹುಡುಗ ವೇಗದ ತಾನಿನಲ್ಲಿ ದಾರಿ ತಪ್ಪಿದರೆ ಸಮ್, ಅಂದರೆ ತಾಳದ ಮೊದಲ ಪೆಟ್ಟು, ಎಲ್ಲಿದೆ ಅಂತ ತೋರಿಸಲು ಕೈ ಅಲ್ಲಿತ್ತು. ಅಷ್ಟು ಜನರ ಮುಂದೆ ಆ ಹುಡುಗನಿಗೆ ಎಷ್ಟು ಧೈರ್ಯ ಬಂದಿರಬೇಕು! ಸಾಥ್ ಅಂದರೆ ಜೊತೆ. ನಾನು ಇಪ್ಪತ್ತು ವರ್ಷ ಸಾಥ್ ಕೊಟ್ಟಿದ್ದೆ, ಆದರೆ ಆ ಮಾತಿನ ಅಳತೆ ನನಗೆ ತಿಳಿದದ್ದು ಹಂಪಿಯ ಈ ಕಥೆಯನ್ನು ಗದಗಿನ ಕಟ್ಟೆಯ ಮೇಲೆ ಕೂತು ನೆನೆದಾಗ.

ವಾಪಸ್ ಬಂದು ಪೇಟಿಯ ಬಟ್ಟೆ ಬಿಚ್ಚಿದೆ. ದನಿ ಹೊರಡಿಸುವ ಎರಡು ರೀಡ್ ಹಿಡಿದುಕೊಂಡಿದ್ದವು. ತಿದಿಯ ಒಂದು ಮೂಲೆಯಲ್ಲಿ ಗಾಳಿ ಸೋರುತ್ತಿತ್ತು. ರಿಪೇರಿ ಮಾಡಿಸಿದೆ. ನಿಧಾನಕ್ಕೆ ಕಾರ್ಯಕ್ರಮಗಳನ್ನು ಒಪ್ಪಿಕೊಳ್ಳತೊಡಗಿದೆ.

ಆ ವರ್ಷದ ಕೊನೆಯಲ್ಲಿ ಒಂದು ಉತ್ಸವಕ್ಕೆ ಹೋಗಿದ್ದೆ. ಕೊಪ್ಪಳದ ಕಡೆಯಿಂದ ಇಪ್ಪತ್ತೆರಡು ವರ್ಷದ ಹುಡುಗಿಯೊಬ್ಬಳು ಬಂದಿದ್ದಳು. ಹೊಸಬರಿಗೆ ಕೊಡುವ ಹೊತ್ತು ನಿಮಗೆ ಗೊತ್ತೇ ಇರುತ್ತದೆ. ಸಂಜೆ ಐದೂವರೆ. ಕುರ್ಚಿ ಹಾಕುತ್ತಿರುತ್ತಾರೆ. ಅವಳು ಪೂರಿಯಾ ರಾಗ ಶುರು ಮಾಡಿದಳು. ಮೈಕಿನವನು ಆಗಲೇ ಮುಂದಿನ ಕಲಾವಿದರಿಗಾಗಿ ತಂತಿ ಎಳೆಯುತ್ತಿದ್ದ. ಇಪ್ಪತ್ತನೇ ನಿಮಿಷಕ್ಕೆ ಮುಗಿಸಿ ಅಂತ ಚೀಟಿ ಬಂತು. ಕೊನೆಗೆ ಶಾಲು, ಪ್ರಮಾಣಪತ್ರ. ಕೈಗೆ ಒಂದು ರೂಪಾಯಿ ಇಲ್ಲ. ತಬಲಾದವರಿಗೆ ಅವಳೇ ಪರ್ಸಿನಿಂದ ದುಡ್ಡು ತೆಗೆದು ಕೊಟ್ಟಿದ್ದನ್ನು ಕಂಡೆ. ಆಮೇಲೆ ರಾತ್ರಿ ಬಸ್ಸಿಗೆ ಅವಳ ಅಣ್ಣನ ಜೊತೆ ಓಡಿದಳು. ನನ್ನ ಜೇಬಿನಲ್ಲಿ ಮುಖ್ಯ ಗಾಯಕರಿಗೆ ಸಾಥ್ ಕೊಟ್ಟದ್ದಕ್ಕೆ ಬಂದ ಕವರ್ ಇತ್ತು. ಮನೆಗೆ ಬರುವವರೆಗೂ ಅದು ಎದೆಗೆ ಒತ್ತುತ್ತಲೇ ಇತ್ತು.

ಅವಳ ದನಿ ಚೆನ್ನಾಗಿತ್ತು. ಕೋಮಲ ರಿಷಭವನ್ನು ಎಲ್ಲಿ ನಿಲ್ಲಿಸಬೇಕೋ ಅಲ್ಲೇ ನಿಲ್ಲಿಸುತ್ತಿದ್ದಳು. ಹತ್ತು ವರ್ಷದ ರಿಯಾಜ್ ಇಲ್ಲದೆ ಅದು ಬರಲ್ಲ. ಇನ್ನೆರಡು ವರ್ಷ ಇದೇ ಥರ ನಡೆದರೆ ಅವಳು ಹಾಡುವುದನ್ನೇ ಬಿಡುತ್ತಾಳೆ ಅಂತ ನನಗೆ ಅವತ್ತು ಅನ್ನಿಸಿತು. ಎಷ್ಟೋ ಮಂದಿ ಬಿಟ್ಟಿದ್ದಾರೆ. ಪ್ರತಿಭೆ ಇಲ್ಲದೆ ಬಿಟ್ಟವರಲ್ಲ. ತಬಲಾದವರಿಗೆ ಕೊಡಲು ದುಡ್ಡಿಲ್ಲದೆ, ರಾತ್ರಿ ಉಳಿಯಲು ಜಾಗವಿಲ್ಲದೆ, ಮನೆಯವರಿಗೆ ಉತ್ತರ ಹೇಳಿ ಹೇಳಿ ಸಾಕಾಗಿ ಬಿಟ್ಟವರು.

ನನ್ನ ಹತ್ತಿರ ಆಶ್ರಮ ಕಟ್ಟುವ ಶಕ್ತಿ ಇಲ್ಲ. ಇದ್ದದ್ದು ಅಪ್ಪ ಪಾಠ ಹೇಳುತ್ತಿದ್ದ ಪಡಸಾಲೆ, ಒಂದು ಪೇಟಿ, ಒಬ್ಬ ತಬಲಾ ಗೆಳೆಯ. ತಿಂಗಳ ಮೊದಲ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಬೈಠಕ್ ಇಟ್ಟೆವು. ಬೆಳಿಗ್ಗೆ ಯಾಕೆಂದರೆ, ಹಾಡುವವರು ಕತ್ತಲಾಗುವ ಮೊದಲು ಮನೆ ಸೇರಬೇಕು. ಬೆಳಗಿನ ರಾಗಗಳಿಗೆ ನಮ್ಮಲ್ಲಿ ವೇದಿಕೆಯೇ ಕಡಿಮೆ, ತೋಡಿ ಕಲಿತ ಮಕ್ಕಳು ಅದನ್ನು ಎಲ್ಲಿ ಹಾಡಬೇಕು ಹೇಳಿ? ಒಂದು ಸಲಕ್ಕೆ ಒಬ್ಬರೇ. ಪೂರ್ತಿ ಒಂದೂವರೆ ಗಂಟೆ ಅವರದು. ಸಾಥ್ ನಮ್ಮದು, ದುಡ್ಡು ಕೇಳುವುದಿಲ್ಲ. ಬಸ್ ಚಾರ್ಜು ನಾವು ಕೊಡುತ್ತೇವೆ. ಕೇಳಲು ಬಂದವರು ಕೊಟ್ಟಷ್ಟನ್ನು ಹಾಡಿದವರ ಕೈಗೇ ಕೊಡುತ್ತೇವೆ. ಹಾಡಿದ್ದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಅವರಿಗೇ ಕಳಿಸುತ್ತೇವೆ. ಕಾರ್ಯಕ್ರಮ ಕೇಳಿಕೊಂಡು ಹೋದಾಗ ತೋರಿಸಲು ಅದು ಬೇಕಾಗುತ್ತದೆ.

ಮೊದಲ ಭಾನುವಾರ ಕರೆದಿದ್ದು ಆ ಕೊಪ್ಪಳದ ಹುಡುಗಿಯನ್ನೇ. ಫೋನಿನಲ್ಲಿ ಅವಳು ಕೇಳಿದ ಮೊದಲ ಪ್ರಶ್ನೆ: "ಸರ್, ತಬಲಾದವರಿಗೆ ಎಷ್ಟು ಕೊಡಬೇಕು?"

ಹೊಸಬರಿಗೆ ಸಾಥ್ ಕೊಡುವುದು ದೊಡ್ಡವರಿಗೆ ಕೊಡುವುದಕ್ಕಿಂತ ಕಷ್ಟ. ದೊಡ್ಡವರು ದಾರಿ ತಪ್ಪಿದರೂ ತಾವೇ ಹುಡುಕಿಕೊಳ್ಳುತ್ತಾರೆ. ಹೊಸಬರು ಹೆದರಿದಾಗ ಮೊದಲು ಉಸಿರು ಚಿಕ್ಕದಾಗುತ್ತದೆ. ಆಮೇಲೆ ಲಯ ಓಡುತ್ತದೆ. ಆಗ ಪೇಟಿಯವನು ಜೋರಾಗಿ ನುಡಿಸಿದರೆ ಅವರು ಇನ್ನೂ ಕುಗ್ಗುತ್ತಾರೆ. ಒಂದು ಷಡ್ಜವನ್ನು ಮೆಲ್ಲಗೆ, ತಿದಿ ಹಗುರ ಮಾಡಿ, ಹಿಡಿದುಕೊಂಡಿರಬೇಕು. ಅವರು ಬಂದು ಅದರ ಮೇಲೆ ಕೂರುತ್ತಾರೆ. ಆ ಗಳಿಗೆಯಲ್ಲಿ ಅವರ ಮುಖ ನೋಡಬೇಕು ನೀವು. ಅಪ್ಪ ಇದನ್ನು ಎಷ್ಟು ಮಂದಿಗೆ ಮಾಡಿದ್ದರೋ! ಅಪ್ಪನ ಹೆಸರು ಯಾವ ಕರಪತ್ರದಲ್ಲೂ ಇಲ್ಲ.

ಈಗ ನುಡಿಸುವಾಗ ಬಲಗೈ ಕಡೆ ನೋಡಿದರೆ ಬೆರಳು ಅಪ್ಪನ ಹಾಗೇ ಮಡಚಿರುತ್ತದೆ. ನೋವು ಹೋಗಿಲ್ಲ. ಕೈ ಮಾತ್ರ ನಿಲ್ಲುವುದಿಲ್ಲ.

ಮೊದಲ ಎರಡು ಬೈಠಕ್‌ಗಳಿಗೆ ಅವ್ವ ಪಡಸಾಲೆಗೆ ಬರಲಿಲ್ಲ. ಅಪ್ಪ ಕೂರುತ್ತಿದ್ದ ಜಾಗ ನೋಡಲು ಅವಳಿಗೆ ಆಗುತ್ತಿರಲಿಲ್ಲ. ಅಡುಗೆಮನೆಯಲ್ಲೇ ಇದ್ದು ಬಂದವರಿಗೆ ಚಹಾ ಕಳಿಸುತ್ತಿದ್ದಳು. ಮೂರನೇ ಸಲ ಹಾಡಲು ಬಂದ ಹುಡುಗ ಬೆಳಿಗ್ಗೆ ಐದರ ಬಸ್ಸಿಗೆ ಹೊರಟು ಏನೂ ತಿನ್ನದೆ ಬಂದಿದ್ದ. ಅದು ಅವಳಿಗೆ ಹೇಗೆ ತಿಳಿಯಿತೋ, ಹಾಡಿಗೆ ಮುಂಚೆ ಅವನನ್ನು ಒಳಗೆ ಕರೆದು ಎರಡು ರೊಟ್ಟಿ, ಶೇಂಗಾ ಹಿಂಡಿ, ಮೊಸರು ಹಾಕಿ ಕೂರಿಸಿದಳು. "ಹಸದ ಹೊಟ್ಟ್ಯಾಗ ಸಾ ಎಲ್ಲಿ ನಿಲ್ತದ?" ಅಂದಳು. ಆಮೇಲೆ ಬಾಗಿಲ ಹತ್ತಿರ ಬಂದು ಕೂತಳು. ಆ ಹುಡುಗ ಕೊನೆಗೆ ಒಂದು ವಚನ ಹಾಡಿದ. ಅವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಎದ್ದು ಹೋಗಲಿಲ್ಲ.

ಈಗ ಬೈಠಕ್ ಮುಗಿದ ಮೇಲೆ ಎಲ್ಲರಿಗೂ ನಮ್ಮಲ್ಲೇ ಊಟ. ಬರುವ ಭಾನುವಾರ ಹಾಡುವವಳು ಬಾಗಲಕೋಟೆ ಕಡೆಯ ಹುಡುಗಿ. ಕರಿ ನಾಲ್ಕರಲ್ಲಿ, ಅಂದರೆ ನಾಲ್ಕನೇ ಕರಿ ಮನೆಯನ್ನು ಸಾ ಮಾಡಿಕೊಂಡು ಹಾಡುತ್ತಾಳಂತೆ. ನಿನ್ನೆ ರಾತ್ರಿ ಪೇಟಿಯಲ್ಲಿ ಆ ಮನೆ ಹಿಡಿದು ನೋಡುತ್ತಿದ್ದೆ. ಅವ್ವ ಅಡುಗೆಮನೆಯಿಂದ ಕೂಗಿ ಕೇಳಿದಳು:

"ತಮ್ಮಾ, ಈ ಸಲ ಎಷ್ಟು ಮಂದಿ? ಹಿಟ್ಟು ಬೀಸಸ್ಕೊಂಡು ಬರಬೇಕು."